ಮೊಮ್ಮಗಳ ಮನಸ್ಸು

“ಏಳೇ ಮೇಲೆ! ಹೊತ್ತು ನೆತ್ತಿಗೆ ಬಂತು, ಇನ್ನೂ ಮಲಗಿದ್ದೀಯಲ್ಲ... ನಾಚಿಕೆ ಆಗಲ್ವೇನೇ ನಿಂಗೆ!”

ಚಲುವಮ್ಮ ಮೊಮ್ಮಗಳ ಕಂಬಳಿಯನ್ನು ಕಿತ್ತೆಸೆದಳು. ಹರ್ಷಿತಾ ಕದಲಲಿಲ್ಲ. ಮೊಣಕಾಲುಗಳನ್ನು ಎದೆಗೆ ಅವುಚಿಕೊಂಡು, ಗೋಡೆಯ ಕಡೆ ಮುಖ ಮಾಡಿ ಹಾಗೆಯೇ ಮಲಗಿದ್ದಳು. ಅಡುಗೆಮನೆಯಿಂದ ಓಡಿಬಂದ ಸೌಮ್ಯ ಕಂಬಳಿಯನ್ನೆತ್ತಿ ಮಗಳಿಗೆ ಹೊದಿಸಿದಳು.

“ಅತ್ತೆ, ಅವಳಿಗೆ ಹುಷಾರಿಲ್ಲ...”

“ಏನಾಗೈತೆ? ಜ್ವರವಾ, ಕೆಮ್ಮಾ? ಕಾಲೇಜು ತಪ್ಪಿಸ್ಕೊಳ್ಳೋಕೆ ನಾಟಕ! ನೀನು ತಲೆ ಮೇಲೆ ಕೂರಿಸ್ಕೊಂಡಿದ್ದೀಯ, ಅವಳು ಕುಣೀತಾವ್ಳೆ!”

ಅತ್ತೆ ಗೊಣಗುತ್ತಾ ಹೊರಗೆ ಹೋದ ಮೇಲೂ ಸೌಮ್ಯ ಮಗಳ ತಲೆ ಸವರುತ್ತಾ ಕುಳಿತಳು. ಎಂಥ ಹುಡುಗಿಯಾಗಿದ್ದಳು ಇವಳು! ಅಪ್ಪ ಮಹೇಶನ ಪಿಕಪ್ ಗಾಡಿಯ ಸದ್ದು ತಿರುವಿನಲ್ಲಿ ಕೇಳಿದರೆ ಸಾಕು, ಬರಿಗಾಲಲ್ಲಿ ಓಡಿ ಗಾಡಿ ಹತ್ತುತ್ತಿದ್ದಳು. ಶುಂಠಿ ಕೀಳುವ ಕಾಲದಲ್ಲಿ ಮೈಯೆಲ್ಲ ಮಣ್ಣು ಮಾಡಿಕೊಂಡು, ಹಾರಂಗಿ ನಾಲೆಯಲ್ಲಿ ಕಾಲು ತೊಳೆದು, ಹಾಡುತ್ತಾ ಮನೆಗೆ ಬರುತ್ತಿದ್ದಳು. ಸಂಜೆಯಾದರೆ ಶಾಲೆಯ ಮೇಷ್ಟರ ಹಾಗೆ ಕೆಮ್ಮಿ, ಅಜ್ಜಿಯ ಹಾಗೆ ಸೊಂಟಕ್ಕೆ ಕೈಯಿಟ್ಟು ನಡೆದು ತೋರಿಸುತ್ತಿದ್ದಳು. ಚಲುವಮ್ಮನೂ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದ ಆ ಸಂಜೆಗಳು... ಎಲ್ಲಿ ಹೋದವು? ಪಿಯುಸಿಗೆ ಸೇರಿದ ಮೇಲೆ ಮೊದಲು ಗೆಳತಿಯರ ಫೋನ್ ನಿಂತಿತು. ಆಮೇಲೆ ತಟ್ಟೆಯಲ್ಲಿ ಅನ್ನ ಉಳಿಯತೊಡಗಿತು. ಕೊನೆಗೆ ಮಾತೂ ನಿಂತಿತು.

“ಅಮ್ಮ...” ಹರ್ಷಿತಾ ಗೋಡೆಗೇ ಹೇಳುವಂತೆ ಅಂದಳು. “ಎಲ್ಲಾರ್ಗೂ ಭಾರ ಆಗ್ಬಿಟ್ಟಿದ್ದೀನಿ. ನಾನೇ ಇಲ್ದಿದ್ರೆ ನಿಮ್ಗೆಲ್ಲ ಸುಖ ಅನ್ಸುತ್ತೆ.”

ಸೌಮ್ಯ ಮಗಳ ಕೈ ಹಿಡಿದುಕೊಂಡಳು. ಕೇಳಲು ಭಯ... ಕೇಳದಿರಲು ಇನ್ನೂ ಭಯ!

“ಸಾಯ್ಬೇಕು ಅನ್ಸುತ್ತಾ ಮಗ?”

ಹುಡುಗಿ ಹೌದೆಂಬಂತೆ ಮೆಲ್ಲಗೆ ತಲೆಯಾಡಿಸಿದಳು. ಸೌಮ್ಯ ಅವಳನ್ನು ಬಾಚಿ ತಬ್ಬಿಕೊಂಡಳು. “ಹೇಳ್ದೆಯಲ್ಲ, ಒಳ್ಳೇದಾಯ್ತು ಕಂದ. ನಾನು ನಿನ್ನ ಬಿಟ್ಟು ಎಲ್ಲೂ ಹೋಗಲ್ಲ. ಈಗ್ಲೇ ಮಡಿಕೇರಿಗೆ, ಮನಸ್ಸಿನ ಡಾಕ್ಟರ್ ಹತ್ರ ಹೋಗೋಣ.”

ಮಗಳಿಗೆ ಸ್ವೆಟರ್ ಹಾಕಿಸಿ ಹೊರಟಾಗ ಚಲುವಮ್ಮ ಬಾಗಿಲಿಗೆ ಅಡ್ಡ ನಿಂತಳು. “ಮಡಿಕೇರಿಗಾ? ಹುಚ್ಚರ ಡಾಕ್ಟರ್ ಹತ್ರಾನಾ? ಹಾಸನದ ಕಡೆಯಿಂದ ಬಂದು ಇಲ್ಲಿ ಮರ್ಯಾದೆಯಾಗಿ ಬಾಳ್ತಿದ್ದೀವಿ ಕಣೇ! ಒಂದು ದಾರ ಮಂತ್ರಿಸಿ ಕಟ್ಸಿದ್ರೆ ಆಯ್ತು. ನಾಳೆ ಊರಿಗೆ ಗೊತ್ತಾದ್ರೆ ಇವಳನ್ನ ಯಾರು ಮದ್ವೆ ಆಗ್ತಾರೆ?”

“ಮದ್ವೆ ಮಾಡೋಕೆ ಮಗಳು ಬದುಕಿರ್ಬೇಕಲ್ಲ ಅತ್ತೆ!”

ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ದನಿ ಎತ್ತದಿದ್ದ ಸೌಮ್ಯಳ ಆ ಕೂಗಿಗೆ, ಅಂಗಳದಲ್ಲಿ ಗಾಡಿಗೆ ಶುಂಠಿ ಮೂಟೆ ಏರಿಸುತ್ತಿದ್ದ ಮಹೇಶ ಕೈಯಲ್ಲಿದ್ದುದನ್ನು ಬಿಟ್ಟು ಓಡಿಬಂದ. ಅಮ್ಮನ ಮುಂದೆ ಸದಾ ತಲೆ ತಗ್ಗಿಸುತ್ತಿದ್ದವನು ಹೆಂಡತಿಯ ಮುಖ ನೋಡಿದ, ಮಗಳ ಬತ್ತಿದ ಕಣ್ಣು ನೋಡಿದ.

“ಅವ್ವ... ದಾರಿ ಬಿಡು.”

ಆಸ್ಪತ್ರೆಯಲ್ಲಿ ಡಾಕ್ಟರ್ ವಿನುತಾ ಹುಡುಗಿಯೊಬ್ಬಳನ್ನೇ ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿದರು. ಆಮೇಲೆ ಅಪ್ಪ ಅಮ್ಮನನ್ನು ಕರೆದರು. “ಇದು ನಾಟಕ ಅಲ್ಲ, ಸೋಮಾರಿತನಾನೂ ಅಲ್ಲ. ಖಿನ್ನತೆ ಅಂತ, ಇದೂ ಒಂದು ಕಾಯಿಲೆ. ವಾಸಿಯಾಗುತ್ತೆ, ಆದ್ರೆ ಸಮಯ ಬೇಕು. ಸದ್ಯಕ್ಕೆ ಅವಳನ್ನ ಒಂಟಿಯಾಗಿ ಬಿಡ್ಬೇಡಿ. ಬುದ್ಧಿ ಹೇಳೋದು ಕಡಿಮೆ ಮಾಡಿ, ಅವಳು ಹೇಳೋದನ್ನ ಕೇಳಿ.”

ಸಂಜೆ ಮನೆಗೆ ಬಂದಾಗ ಚಲುವಮ್ಮ ಜಗಲಿಯಲ್ಲೇ ಕೂತಿದ್ದಳು. “ಏನಂತೆ? ಏನು ಕೇಳಿದ್ರಂತೆ ಆ ಡಾಕ್ಟರು?” ದನಿಯಲ್ಲಿ ಕೊಂಕು ಇನ್ನೂ ಇತ್ತು.

ಹರ್ಷಿತಾ ನಿಂತಳು. “ಎಲ್ಲಿದ್ರೆ ನಿಂಗೆ ಸಮಾಧಾನ ಆಗ್ತಿತ್ತು ಅಂತ ಕೇಳಿದ್ರು ಅಜ್ಜಿ. ಚಿಕ್ಕೋಳಿದ್ದಾಗ ನಿನ್ನ ಸೆರಗೊಳಗೆ ಮಲಗ್ತಿದ್ನಲ್ಲ... ಅಲ್ಲಿ ಅಂದೆ.”

ಚಲುವಮ್ಮನ ಕೈ ತಾನಾಗಿ ಸೆರಗಿಗೆ ಹೋಯಿತು. ಹೌದು... ಗುಡುಗಿದರೆ ಸಾಕು, ಅಮ್ಮನನ್ನೂ ಬಿಟ್ಟು ಈ ಮಗು ತನ್ನ ಮಗ್ಗುಲಿಗೆ ಬಂದು ನುಸುಳುತ್ತಿತ್ತು. ಪುಟ್ಟ ಬೆರಳುಗಳಲ್ಲಿ ಅಜ್ಜಿಯ ಬಳೆ ತಿರುಗಿಸುತ್ತಾ, “ಇನ್ನೊಂದು ಕಥೆ ಅಜ್ಜಿ” ಎನ್ನುತ್ತಾ ಹಾಗೇ ನಿದ್ದೆ ಹೋಗುತ್ತಿತ್ತು. ಆ ಮೈಯ ಬಿಸಿ ಈಗಲೂ ತನ್ನ ಪಕ್ಕೆಯಲ್ಲಿ ಇದ್ದಂತೆ ಅನಿಸಿತು. ಅಂಥ ಮಗು ಸಾವಿನ ಯೋಚನೆ ಮಾಡುತ್ತಾ ಮಲಗಿದ್ದಾಗ ತಾನು ಬೈಯುತ್ತಾ ನಿಂತಿದ್ದೆನಲ್ಲ!

“ಬಾ ಮಗ...” ಮುದುಕಿ ಬಿಕ್ಕಿದಳು. “ನಂಗೆ ಗೊತ್ತಾಗ್ಲಿಲ್ಲ ಕಣವ್ವ... ಬಾ.”

ಹುಡುಗಿ ಅವಳ ತೊಡೆಯ ಮೇಲೆ ತಲೆಯಿಟ್ಟು, ಎಷ್ಟೋ ಕಾಲದ ಮೇಲೆ ಬಾಯಿಬಿಟ್ಟು ಅತ್ತಳು. ಅಳಬೇಡ ಎಂದು ಯಾರೂ ಅನ್ನಲಿಲ್ಲ.

ಒಮ್ಮೆಗೇ ಎಲ್ಲ ಸರಿಹೋಗಲಿಲ್ಲ. ಒಂದು ದಿನ ಎದ್ದು ಎರಡು ರೊಟ್ಟಿ ತಿಂದರೆ, ಮರುದಿನ ಮತ್ತೆ ಗೋಡೆಗೆ ಮುಖ. ಅಂಥ ದಿನಗಳಲ್ಲಿ ಚಲುವಮ್ಮ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಮೊಮ್ಮಗಳು ಮಾತಾಡಿದರೆ ಮಾತು, ಇಲ್ಲದಿದ್ದರೆ ಇಲ್ಲ.

ಮುಂದಿನ ಸಲ ಆಸ್ಪತ್ರೆಗೆ ಹೋಗುವ ದಿನ ಮಹೇಶ ಶುಂಠಿ ಲೋಡಿನ ಜೊತೆ ಹೋಗಿದ್ದರಿಂದ ಅಜ್ಜಿ, ಅಮ್ಮ, ಮಗಳು ಮೂವರೂ ಬಸ್ಸಿನಲ್ಲಿ ಹೊರಟರು. ಕುಶಾಲನಗರದಲ್ಲಿ ಹತ್ತಿದ ನೆರೆಮನೆಯ ಯಮುನಾ ಕೇಳಿದಳು, “ಮೂರ್ ಜನಾನೂ ಎಲ್ಲಿಗೆ ಹೊರಟ್ರಿ?”

ನೆಂಟರ ಮನೆಗೆ ಎನ್ನಲು ಸೌಮ್ಯ ಬಾಯಿ ತೆರೆಯುವಷ್ಟರಲ್ಲಿ ಚಲುವಮ್ಮ ಗಟ್ಟಿಯಾಗಿ ಹೇಳಿದಳು, “ಆಸ್ಪತ್ರೆಗೆ ಕಣವ್ವ. ನನ್ನ ಮೊಮ್ಮಗಳ ಮನಸ್ಸಿಗೆ ಹುಷಾರಿಲ್ಲ. ತೋರಿಸ್ತಾ ಇದ್ದೀವಿ.”

ಹಿಂದಿನ ಸೀಟಿನವರು ತಿರುಗಿ ನೋಡಿದರು. ಯಮುನಾ ಹತ್ತಿರ ಬಾಗಿ ಪಿಸುದನಿಯಲ್ಲಿ ಅಂದಳು, “ಆ ಡಾಕ್ಟರ್ ಯಾವಾಗ ಸಿಗ್ತಾರೆ? ನಮ್ಮ ಹುಡುಗ ಸಿದ್ಧಾರ್ಥನೂ... ಕೋಣೆ ಬಿಟ್ಟು ಹೊರಗೇ ಬರ್ತಿಲ್ಲ.”

ಚಲುವಮ್ಮ ಮೊಮ್ಮಗಳ ಕಡೆ ನೋಡಿದಳು. ಕಿಟಕಿಯ ಕಡೆ ನೋಡುತ್ತಿದ್ದ ಹರ್ಷಿತಾ ಮೆಲ್ಲಗೆ ಇತ್ತ ತಿರುಗಿದಳು.

“ಪ್ರತಿ ಬುಧವಾರ ಇರ್ತಾರೆ ಆಂಟಿ. ಅವನ್ನ ಕರ್ಕೊಂಡ್ ಬನ್ನಿ... ಅವ್ರು ಬೈಯಲ್ಲ.”