ಎಳ್ಳಮಾಸಿಯಂದು ಬಂದವಳು

"ಮುಲಂ ಕುಠೆ ಆಹೇತ್?"

ಮಕ್ಕಳು ಎಲ್ಲಿ ಎಂದು ಯಶ್ಮಿತಾ ಮರಾಠಿಯಲ್ಲಿ ಕೇಳಿದ್ದು ಇಷ್ಟೇ. ಆದರೆ ಆ ಧಾಟಿಗೆ, ಕಟ್ಟಡ ಕೂಲಿಗಳ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಬಾಲವಾಡಿಯ ಬಾಗಿಲಿಗೆ ಬೀಗ ಹಾಕುತ್ತಿದ್ದ ಯುವಕ ಕೀಲಿಯನ್ನು ಅರ್ಧಕ್ಕೇ ಬಿಟ್ಟು ತಿರುಗಿ ನೋಡಿದ.

ಎತ್ತರದ ಆಳು. ತೋಳು ಮಡಚಿದ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಕಾಲ ಬಳಿ ಮುಚ್ಚಳ ಕಟ್ಟಿದ ಒಂದು ದೊಡ್ಡ ಪಾತ್ರೆ. ಅವನ ಹಿಂದೆ, ಪುಣೆಯ ಕೊಂಢವಾದಲ್ಲಿ ಇನ್ನೂ ಕಟ್ಟುತ್ತಿದ್ದ ಆ ಅರೆಬರೆ ಕಟ್ಟಡ. ಒಂದು ಮಷಿನ್ ಸದ್ದಿಲ್ಲ, ಒಂದು ಮಗುವಿನ ಅಳು ಇಲ್ಲ.

"ಆಜ್ ಸುಟ್ಟಿ ಆಹೆ, ಮೇಡಂ. ಉದ್ಯಾ ಯಾ," ಎಂದ. ಇವತ್ತು ರಜೆ, ನಾಳೆ ಬನ್ನಿ.

ರಜೆಯಂತೆ! ಸೋಮವಾರ, ಹಾಡಹಗಲು, ಕ್ಯಾಲೆಂಡರಿನಲ್ಲಿ ಕೆಂಪು ಗುರುತಿಲ್ಲ, ಎಂಥ ರಜೆ?

"ಎಂಥ ಸುಳ್ಳು ಮಾರಾಯ ಇದು..." ಯಶ್ಮಿತಾ ತನ್ನಷ್ಟಕ್ಕೆ ಗೊಣಗಿದಳು.

"ಸುಳ್ಳಲ್ರೀ!"

ಅವಳು ಬೆಚ್ಚಿದಳು. ಅಯ್ಯೋ, ಈತ ಕನ್ನಡದವನು!

"ಎಳ್ಳಮಾಸಿ ಅದ ಇವತ್ತ. ನಮ್ಮ ಮಂದಿ ಎಲ್ಲಾ ಮಕ್ಕಳನ್ನ ಕರಕೊಂಡು ಹೊಲಕ್ಕ ಹೋಗ್ಯಾರ. ನಾನೂ ಹೊಂಟೀನಿ."

"ಹೊಲಕ್ಕೆ? ಪುಣೆಯಲ್ಲಿ?" ಯಶ್ಮಿತಾಳ ಹುಬ್ಬು ಮೇಲೇರಿತು. ಎಳ್ಳಮಾವಾಸ್ಯೆಗೆ ತಮ್ಮೂರಲ್ಲಿ ಸಮುದ್ರದಲ್ಲಿ ಮಿಂದು ಬರುವುದು ಅವಳಿಗೆ ಗೊತ್ತು. ಹೊಲಕ್ಕೆ ಹೋಗುವುದು ಎಲ್ಲಿಯ ಕಥೆ? "ನಾನು ಫೌಂಡೇಶನ್ನಿಂದ ಬಂದಿದ್ದೇನೆ. ನಿಮ್ಮ ಅನುದಾನದ ಅರ್ಜಿ ನೋಡುವುದು ನಾನೇ. ನಾಳೆ ಹೇಳಿ ಬಂದರೆ ಮಕ್ಕಳು ಎಲ್ಲಿಂದ ಬೇಕಾದರೂ ಬರ್ತಾರೆ, ಬಿಡಿ."

ಅವನ ಮುಖ ಕೆಂಪಾಯಿತು.

"ಮಕ್ಕಳೇನು ಬಾಡಿಗಿಗಿ ಸಿಗ್ತಾವೇನ್ರಿ?"

ರಸ್ತೆಯಲ್ಲಿ ಟೆಂಪೊ ಹಾರ್ನ್ ಹೊಡೆಯಿತು. ಅವನು ಟಕ್ಕೆಂದು ಬೀಗ ಒತ್ತಿ, ಪಾತ್ರೆಯನ್ನು ಹೆಗಲಿಗೇರಿಸಿ, ತಿರುಗಿಯೂ ನೋಡದೆ ನಡೆದುಬಿಟ್ಟ.

'ಎಷ್ಟು ಪೊಗರು! ಕೊಡುವವಳು ನಾನು, ಸಿಟ್ಟು ಇವನಿಗೆ!' ಯಶ್ಮಿತಾಳ ಎದೆ ಸಿಟ್ಟಿಗೇ ಬಡಿದುಕೊಂಡಿತು. ಸಿಟ್ಟಿಗೇ, ಬೇರೆ ಯಾವುದಕ್ಕೂ ಅಲ್ಲ ಎಂದು ಆ ದಿನ ಅವಳು ಆಣೆ ಮಾಡಿ ಹೇಳುತ್ತಿದ್ದಳು.

ಅವಳ ಅನುಮಾನಕ್ಕೂ ಕಾರಣವಿತ್ತು ಅನ್ನಿ. ಆರು ವರ್ಷದೊಳಗಿನ ಮಕ್ಕಳ ಆರೈಕೆಗೆ, ಕಲಿಕೆಗೆ ಹಣ ಕೊಡುವ ಸಂಸ್ಥೆ ಅವಳದು. ಖರಾಡಿಯ ಆಫೀಸಿನಲ್ಲಿ ಕುಳಿತು ಅರ್ಜಿ ಓದುವುದು, ಆಮೇಲೆ ಹೇಳದೇ ಕೇಳದೇ ಹೋಗಿ ನೋಡುವುದು ಅವಳ ಕೆಲಸ. ಹಿಂದಿನ ವಾರವಷ್ಟೇ ಒಂದು ಕಡೆ ಟ್ಯೂಷನ್ ಮಕ್ಕಳನ್ನು ತಂದು ಕೂರಿಸಿ ಇವರೇ ನಮ್ಮ ಪುಟಾಣಿಗಳು ಎಂದು ತೋರಿಸಿದ್ದರು. ಬಿಸಿ ಹಾಲಿಗೆ ನಾಲಿಗೆ ಸುಟ್ಟುಕೊಂಡವಳು ಮಜ್ಜಿಗೆಯನ್ನೂ ಊದಿ ಕುಡಿಯಬೇಡವೇ?

ಆ ಸಂಜೆಯೇ ಅರ್ಜಿಯಲ್ಲಿದ್ದ ಅವನ ಹೆಸರು ನೋಡಿ 'ಮನೋಹರ, ಕೊಂಢವಾ ಬಾಲವಾಡಿ: ಮಕ್ಕಳೇ ಇಲ್ಲ' ಎಂದು ವರದಿ ಬರೆದಿಟ್ಟಳು.

*

ಮರುದಿನ ಬೆಳಿಗ್ಗೆ ಅಪ್ಪ ಸುಬ್ಬಯ್ಯನವರ ಹೋಟೆಲಿನ ಹಿಂಬದಿಯಲ್ಲಿ, ಅಲ್ಲಿ ಪಾತ್ರೆ ತೊಳೆಯುವ ಅಂಬಾಬಾಯಿ ಒಂದು ಡಬ್ಬಿ ಬಿಚ್ಚುತ್ತಿದ್ದಳು.

"ನೋಡೇ ಯಶ್ಮಿ," ಅಮ್ಮ ಪ್ರೇಮಾವತಿ ಕರೆದರು. "ಅಂಬಾಬಾಯಿ ಎಂತದೋ ತಂದಿದ್ದಾಳೆ. ಎಲ್ಲ ತರಕಾರಿ, ಕಾಳು ಹಾಕಿ ಮಾಡಿದ್ದಂತೆ. ಲಾಯಕ್ಕುಂಟು!"

"ಭಜ್ಜಿ ರೀ ಅವ್ವಾರ. ಇದು ಸಜ್ಜಿ ರೊಟ್ಟಿ. ನಿನ್ನಿ ಎಳ್ಳಮಾಸಿ ಇತ್ತಲ್ರೀ, ಅದಕ್ಕ ಸುಟ್ಟಿ ತಗೊಂಡಿದ್ದೆ."

ಯಶ್ಮಿತಾಳ ಕೈ ರೊಟ್ಟಿಯ ಮೇಲೇ ನಿಂತಿತು. "ಹೊಲಕ್ಕೆ ಹೋಗಿದ್ರಾ?"

"ಹೌದ್ರಿ! ಊರಾಗ ನಮ್ಮ ಹೊಲಕ್ಕ ಹೋಗಿ ಭೂಮಿತಾಯಿಗಿ ಉಡಿ ತುಂಬಿ, ಎಡಿ ಅಡಗಿ ಹೊಲದ ತುಂಬ ಚರಗ ಅಂತ ಚೆಲ್ಲಿ, ಅಲ್ಲೇ ಕುಂತು ಉಣ್ತೀವಿ. ಇಲ್ಲಿ ಹೊಲ ಎಲ್ಲಿಂದ ಬರಬೇಕ್ರಿ? ಸಾಸವಡ ಕಡಿ ಒಬ್ಬ ಮರಾಠಿ ಅಣ್ಣ ತನ್ನ ಜ್ವಾಳದ ಹೊಲದಾಗ ಬಿಡ್ತಾನ. ನಮ್ಮ ಮನೋಹರ ಮಾಸ್ತರ ಟೆಂಪೊ ಮಾಡಿದ್ದ. ಮಕ್ಕಳು ಕುಣಿದದ್ದೇ ಕುಣಿದದ್ದು!"

ಯಶ್ಮಿತಾ ಮುರಿದ ರೊಟ್ಟಿಯನ್ನು ಹಾಗೇ ಕೆಳಗಿಟ್ಟಳು. ದೇವರೇ... ಇರುವ ನಿಜ ಹೇಳಿದವನಿಗೆ ಎಂಥ ಮಾತು ಆಡಿದೆ ನಾನು!

"ಎಂತ ಆಯ್ತೇ?" ಅಮ್ಮ ಕೇಳಿದರು.

"ಏನಿಲ್ಲಮ್ಮ. ಒಂದು ಕಡೆ ಹೋಗಿ ತಪ್ಪಾಯ್ತು ಅಂತ ಹೇಳಿ ಬರಬೇಕು."

*

ಈ ಸಲ ಬಾಗಿಲು ತೆರೆದಿತ್ತು, ಒಳಗೆ ಸಂತೆಯೇ ಸೇರಿತ್ತು!

ಒಂದು ಕಡೆ ಪುಟಾಣಿಗಳು ಮರದ ತುಂಡುಗಳಿಂದ 'ಬಿಲ್ಡಿಂಗ್' ಕಟ್ಟುತ್ತಿದ್ದವು. ಮೂಲೆಯ ಸೀರೆ ಜೋಲಿಯಲ್ಲಿ ಹಸುಗೂಸು. ಮನೋಹರ ನಡುವೆ ಕುಳಿತು ಕೈಬೆರಳಲ್ಲೇ ಕಾಗೆ ಮಾಡಿ ಕುಣಿಸುತ್ತಿದ್ದ. ಅವನು 'ಕಾಗಿ' ಎಂದರೆ ಮಕ್ಕಳು 'ಕಾವಳಾ' ಎಂದು ಮರಾಠಿಯಲ್ಲಿ ಕೂಗುತ್ತಿದ್ದವು. ಮುಂದೆ ಹೋಗುವುದು ಮರಾಠಿ ಶಾಲೆಗಲ್ಲವೇ?

ಅವಳನ್ನು ಕಂಡು ಕಾಗೆ ನಿಂತಿತು.

"ಎಣಿಸಿಕೊಳ್ರಿ ಮೇಡಂ. ಬಾಡಿಗಿ ಮಕ್ಕಳು."

"ತಪ್ಪಾಯ್ತು," ಎಂದಳು ಯಶ್ಮಿತಾ. ಸುತ್ತುಬಳಸು ಅವಳ ಜಾಯಮಾನದಲ್ಲೇ ಇಲ್ಲ. "ಎಳ್ಳಮಾಸಿ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಕೇಳದೆ ಸುಳ್ಳು ಅಂದೆ. ಬರೆದ ವರದಿ ಹರಿದು ಹಾಕಿದ್ದೇನೆ."

ಮನೋಹರ ಅವಳನ್ನೇ ನೋಡಿದ. ಅಧಿಕಾರದಲ್ಲಿರುವವರು ಹೀಗೆ ಮುಖಕ್ಕೆ ಮುಖ ಕೊಟ್ಟು ತಪ್ಪಾಯ್ತು ಅನ್ನುವುದನ್ನು ಅವನು ಈವರೆಗೆ ಕಂಡಿರಲಿಲ್ಲ.

"ನಾನೂ ಸಿಟ್ಟಿಗೆದ್ದು ಹೋಗಬಾರದಿತ್ತು ಬಿಡ್ರಿ. ಕುಂದ್ರಿ. ಚಹಾ ಕುಡೀರಿ."

"ಕುಡಿಯುವ ಹಾಗಿಲ್ಲ. ಅರ್ಜಿ ಹಾಕಿದವರ ಹತ್ತಿರ ಒಂದು ಗುಟುಕು ಚಹಾನೂ ಮುಟ್ಟಬಾರದು ಅಂತ ನಮ್ಮ ನಿಯಮ."

"ಅಬ್ಬಬ್ಬಾ! ನೀರು ನಡೀತದಾ, ಅದಕ್ಕೂ ಸಹಿ ಬೇಕಾ?"

ಯಶ್ಮಿತಾಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಹಾಳಾದ್ದು, ನಕ್ಕರೆ ಇನ್ನೂ ಚೆನ್ನಾಗಿ ಕಾಣುತ್ತಾನಲ್ಲ!

ಅಷ್ಟರಲ್ಲಿ ಅಂಬಾಬಾಯಿಯ ಮೊಮ್ಮಗಳು ಭಾಗ್ಯಾ ಬಂದು, ಕೇಳದೆಯೇ ಅವಳ ತೊಡೆ ಹತ್ತಿ ನಿದ್ದೆಹೋದಳು. ಎದ್ದರೆ ಮಗು ಎಚ್ಚರವಾದೀತೆಂದು ಯಶ್ಮಿತಾ ಕಾಲು ಜೋಮು ಹಿಡಿದರೂ ಅಲುಗಾಡಲಿಲ್ಲ. ಮನೋಹರ ಪಕ್ಕದಲ್ಲಿ ಚಾಪೆ ಹಾಸುತ್ತಾ ತನ್ನ ಕಥೆ ಹೇಳಿದ.

"ನಮ್ಮಪ್ಪ ಧರ್ಮಣ್ಣ ಗೌಂಡಿ, ಗ್ವಾಡಿ ಕಟ್ಟಾಂವ. ನಾ ಸಣ್ಣಾಂವ ಇದ್ದಾಗ ನಮ್ಮವ್ವ ನನ್ನ ಕಾಲಿಗಿ ಸೀರಿ ಕಟ್ಟಿ, ಅದನ್ನ ಕಂಬಕ್ಕ ಕಟ್ಟತಿದ್ಲು. ಮ್ಯಾಲಿಂದ ಬೀಳಬಾರದಂತ. ಆಕಿ ತಪ್ಪಲ್ರೀ, ಮತ್ತೇನು ಮಾಡಬೇಕಿತ್ತು? ಅದಕ್ಕ ನಾ ಓದಿ ಇದೇ ಕೆಲಸ ಹಿಡಿದೆ. ಆದರ ಬಿಲ್ಡಿಂಗ್ ಮುಗೀತಂದ್ರ ಮಂದಿ ಬ್ಯಾರೆ ಸೈಟಿಗಿ ಹೋಗ್ತಾರ, ಬಾಲವಾಡಿ ಇಲ್ಲೇ ಉಳೀತದ. ಮತ್ತ ಅದೇ ಕಂಬ, ಅದೇ ಸೀರಿ. ಮಂದಿ ಹಿಂದ ಹೋಗೋ ಬಾಲವಾಡಿ ಬೇಕು. ಅದಕ್ಕೇ ನಿಮಗ ಅರ್ಜಿ ಹಾಕಿದ್ದು."

"ಈ ಕಟ್ಟಡ ಯಾವಾಗ ಮುಗಿಯುತ್ತದೆ?"

"ಶಿವರಾತ್ರಿ ಹೊತ್ತಿಗಿ."

ಯಶ್ಮಿತಾ ಭಾಗ್ಯಾಳ ಪುಟ್ಟ ಪಾದದ ಮೇಲೆ ಕೈಯಿಟ್ಟಳು. ಈ ಕಾಲಿಗೆ ಯಾರೂ ಏನೂ ಕಟ್ಟಬಾರದು ಎಂದು ಅವಳ ಮನಸ್ಸು ಹಟ ಹಿಡಿಯಿತು.

ಆಮೇಲೆ ಅವಳು ಮತ್ತೆ ಬಂದಳು. ಶಿಕ್ಷಕಿಯರನ್ನು ಮಾತಾಡಿಸಬೇಕಿತ್ತಂತೆ. ಮತ್ತೊಮ್ಮೆ ಬಂದಳು, ಅಡುಗೆಮನೆ ನೋಡುವುದು ಉಳಿದಿತ್ತಂತೆ. ಇನ್ನೊಮ್ಮೆ ಬಂದಾಗ ಹೇಳಲು ಕಾರಣವೇ ಸಿಗದೆ, "ಪರಿಶೀಲನೆ" ಎಂದಳು. ಪರಿಶೀಲನೆಯಂತೆ, ಪರಿಶೀಲನೆ! ಹಸಿರು ಸೀರೆ ಉಟ್ಟು, ಮಲ್ಲಿಗೆ ಮುಡಿದು ಯಾರು ಮಾರಾಯ್ರೆ ಅಡುಗೆಮನೆ ಪರಿಶೀಲಿಸುತ್ತಾರೆ?

ಪ್ರತಿ ಸಲವೂ ಮನೋಹರ ಚಹಾ ತಂದಿಡುತ್ತಿದ್ದ. ಪ್ರತಿ ಸಲವೂ ಅವಳು ತಲೆಯಾಡಿಸುತ್ತಿದ್ದಳು. ಅವಳೆದುರೇ ಅವನು ಆ ಚಹಾ ಸೊರ್ರೆಂದು ಕುಡಿದು ಛೇಡಿಸುತ್ತಿದ್ದ.

*

ಸಮಿತಿಯ ಸಭೆಯ ದಿನ ಬಂತು.

ಪ್ರತಿ ಅರ್ಜಿಗೂ ಮೊದಲು ಅಧ್ಯಕ್ಷೆ ಕುಲಕರ್ಣಿ ಮೇಡಂ ಒಂದು ಪ್ರಶ್ನೆ ಕೇಳುವುದು ಅಲ್ಲಿನ ಪದ್ಧತಿ. ಅರ್ಜಿದಾರರ ಜೊತೆ ಯಾರಿಗಾದರೂ ನಂಟು, ಸ್ನೇಹ, ವ್ಯವಹಾರ ಉಂಟಾ? ಎಲ್ಲರೂ ಬಿಸ್ಕತ್ತು ಮುರಿಯುತ್ತಾ 'ಇಲ್ಲ' ಅನ್ನುವುದೂ ಪದ್ಧತಿಯೇ.

"ಕೊಂಢವಾ ಬಾಲವಾಡಿ. ಯಾರಿಗಾದರೂ...?"

ಯಶ್ಮಿತಾ ಮುಂದಿದ್ದ ಫೈಲ್ ಮುಚ್ಚಿದಳು. 'ಸುಮ್ಮನಿದ್ದುಬಿಡು. ಆ ಬಾಲವಾಡಿಯನ್ನು ನೋಡಿದವಳು ನೀನೊಬ್ಬಳೇ. ನೀನು ಹೇಳಿದರೆ ಹಣ ಸಿಗುತ್ತದೆ. ನೀನು ಎದ್ದು ಹೋದರೆ...' ಭಾಗ್ಯಾಳ ಪಾದ ಕಣ್ಣ ಮುಂದೆ ಬಂತು.

ಆದರೆ ನಾಳೆ ಈ ವಿಷಯ ಹೊರಬಿದ್ದರೆ? ಹುಡುಗಿಯನ್ನು ಒಲಿಸಿಕೊಂಡು ಅನುದಾನ ಹೊಡೆದ ಅನ್ನುವುದಿಲ್ಲವೇ ಜನ? ಅವನ ಇಷ್ಟು ವರ್ಷದ ದುಡಿಮೆಗೆ ಆ ಮಸಿ ತನ್ನಿಂದ ಹತ್ತಬೇಕೇ?

ಅವಳು ಎದ್ದು ನಿಂತಳು. "ನನಗೆ ಉಂಟು, ಮೇಡಂ."

"ಏನು? ಸಂಬಂಧಿಕರಾ?"

"ಅಲ್ಲ. ನನಗೆ ಅವರ ಮೇಲೆ ಪ್ರೀತಿ."

ಬಿಸ್ಕತ್ತುಗಳೆಲ್ಲ ಕೈಯಲ್ಲೇ ಉಳಿದವು. ಕುಲಕರ್ಣಿ ಮೇಡಂ ಕನ್ನಡಕ ತೆಗೆದರು.

"ಅವರಿಗೆ ಗೊತ್ತಾ?"

"ಇಲ್ಲ. ನನಗೂ ಈಗಷ್ಟೇ ಪೂರ್ತಿ ಗೊತ್ತಾಯಿತು."

ಮೇಡಂ ಅವರ ತುಟಿಯಂಚಲ್ಲಿ ನಗು ಸುಳಿಯಿತು, ಧ್ವನಿ ಮಾತ್ರ ಬದಲಾಗಲಿಲ್ಲ. "ಹಾಗಾದರೆ ನಿಮ್ಮ ವರದಿ ಲೆಕ್ಕಕ್ಕಿಲ್ಲ. ನಿಮ್ಮ ಸಹೋದ್ಯೋಗಿ ರಘುರಾಮ ಹೋಗಿ ಹೊಸದಾಗಿ ನೋಡ್ತಾರೆ. ಫಲಿತಾಂಶ ಬರುವವರೆಗೆ ಆತನ ಜೊತೆ ಮಾತಿಲ್ಲ, ಫೋನಿಲ್ಲ. ಒಪ್ಪಿಗೆಯಾ?"

"ಒಪ್ಪಿಗೆ."

*

"ಯಶ್ಮಿತಾ ಮೇಡಂ ಎಲ್ಲಿ?" ಬಾಲವಾಡಿಗೆ ಬಂದಿಳಿದ ರಘುರಾಮನನ್ನು ಮನೋಹರ ಕೇಳಿದ.

"ಅವರು ನಿಮ್ಮ ಫೈಲ್ ಬಿಟ್ಟರು." ರಘುರಾಮ ಅದಕ್ಕಿಂತ ಹೆಚ್ಚು ಮಾತಾಡುವವನಲ್ಲ.

ಮನೋಹರ ಫೋನ್ ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ಇಲ್ಲ.

'ಹೋಟೆಲ್ ಮಾಲಕರ ಮಗಳು. ಗೌಂಡಿ ಮಗನ ಬಾಲವಾಡಿ ಸಾಕಾಗಿರಬೇಕು...' ಹಾಗೆ ಅಂದುಕೊಂಡರೂ ಮನಸ್ಸು ನಂಬಲಿಲ್ಲ. ನಂಬದಿದ್ದರೂ ನೋವು ನಿಲ್ಲಲಿಲ್ಲ.

ಇತ್ತ ಹೋಟೆಲಿನಲ್ಲಿ ಅಂಬಾಬಾಯಿ ಪಾತ್ರೆ ದಡಬಡ ಬಡಿಯುತ್ತಿದ್ದಳು.

"ನಮ್ಮ ಮಾಸ್ತರ ನೆಟ್ಟಗ ಉಣವಲ್ಲ ರೀ ಅಕ್ಕಾರ. ನೀವು ಯಾಕ ಮಾತು ಬಿಟ್ರಿ? ಒಂದು ಮಾತು ಹೇಳ್ರಿ, ನಾ ಮುಟ್ಟಸ್ತೀನಿ!"

ಒಂದೇ ಒಂದು ಮಾತು... 'ಕಾಯಿರಿ' ಅಂದರೆ ಸಾಕು! ಯಶ್ಮಿತಾಳ ಕಣ್ಣು ತುಂಬಿತು.

"ಬೇಡ ಅಂಬಕ್ಕ. ಮಾತು ಕೊಟ್ಟಿದ್ದೇನೆ."

ಎಲ್ಲ ಕೇಳಿಸಿಕೊಂಡ ಪ್ರೇಮಾವತಿ ಆ ದಿನ ಮಗಳ ತಟ್ಟೆಗೆ ನೀರುದೋಸೆ ಹಾಕುತ್ತಾ, "ಹುಡುಗ ಹೇಗೆ?" ಎಂದು ಮಾತ್ರ ಕೇಳಿದರು.

"ಸಿಟ್ಟು ಜಾಸ್ತಿ. ಸುಳ್ಳು ಗೊತ್ತಿಲ್ಲ."

"ನಿನ್ನ ಅಪ್ಪನೂ ಹಾಗೇ ಅಲ್ವಾ? ಉಣ್ಣು."

*

ಶಿವರಾತ್ರಿಗೆ ಇನ್ನೇನು ಬೆರಳೆಣಿಕೆಯ ದಿನಗಳಿದ್ದಾಗ ಫಲಿತಾಂಶ ಹೊರಬಿತ್ತು. ಕೊಂಢವಾ ಬಾಲವಾಡಿಗೆ ಅನುದಾನ! ಕೊಡುವುದರಲ್ಲಿ ಮಹಾ ಜಿಪುಣ ರಘುರಾಮನೇ 'ಬಿಡಲೇಬಾರದು' ಎಂದು ಬರೆದಿದ್ದ. ಯಶ್ಮಿತಾ ಚಪ್ಪಲಿ ಮೆಟ್ಟಿಕೊಂಡು ರಿಕ್ಷಾ ಹತ್ತಿಯೇಬಿಟ್ಟಳು.

ಅವಳು ಹೋದಾಗ ಮನೋಹರ ಬಾಗಿಲಿಗೆ ಬೀಗ ಹಾಕುತ್ತಿದ್ದ. ಒಳಗೆ ಚಾಪೆ, ಆಟಿಕೆ ಎಲ್ಲ ಮೂಟೆ ಕಟ್ಟಿತ್ತು.

"ಮಕ್ಕಳು ಎಲ್ಲಿ?"

ಅವನ ಕೈ ನಿಂತಿತು. ಆದರೆ ತಿರುಗಲಿಲ್ಲ.

"ಹೊಸ ಸೈಟ್ ನೋಡಲಾಕ ಹೋಗ್ಯಾವ. ಅನುದಾನ ಬಂತು. ನಿಮ್ಮ ಉಪಕಾರ ಇಲ್ಲದ ಬಂತು."

"ಅದಕ್ಕೇ ಬಿಟ್ಟದ್ದು."

ಈಗ ತಿರುಗಿದ. "ಏನು?"

"ನಿಮ್ಮ ಕೆಲಸಕ್ಕೇ ಸಿಗಬೇಕಿತ್ತು. ನನ್ನಿಂದ ಸಿಕ್ಕಿತು ಅಂತ ಯಾರೂ ಬೆರಳು ತೋರಿಸಬಾರದಿತ್ತು. ಹತ್ತಿರದವರ ಅರ್ಜಿ ನೋಡಬಾರದು, ಅವರ ಫೋನೂ ಎತ್ತಬಾರದು ಅಂತ ನಿಯಮ. ಸಭೆಯಲ್ಲಿ ಎದ್ದು ನಿಂತು ಹೇಳಿದೆ, ನನಗೆ ಈ ಅರ್ಜಿದಾರರ ಮೇಲೆ ಪ್ರೀತಿ ಅಂತ."

ಮನೋಹರ ಕೀಲಿಯನ್ನು ಬೀಗದಲ್ಲೇ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ.

"ಎಲ್ಲಾರ ಮುಂದ... ಹಂಗೇ ಅಂದ್ರಿ?"

"ಹಾಗೇ ಅಂದೆ."

"ನನಗ ಹೇಳೂಕಿಂತ ಮೊದಲ?"

"ನಿಮಗೆ ಹೇಳಲು ನಿಯಮ ಇರಲಿಲ್ಲ! ಇವತ್ತು ಉಂಟು." ಅವಳ ಕಣ್ಣು ಅವನಿಂದ ಕದಲಲಿಲ್ಲ. "ಚಹಾ ಉಂಟಾ?"

ಅವನು ಲಗುಬಗೆಯಿಂದ ಬೀಗ ತೆಗೆದ, ಮೂಟೆ ಬಿಚ್ಚಿದ, ಸ್ಟವ್ ಹಚ್ಚಿದ. ಲೋಟಗಳೆಲ್ಲ ಆಗಲೇ ಹೊಸ ಸೈಟಿಗೆ ಹೋಗಿದ್ದವು, ಉಳಿದದ್ದು ಒಂದೇ. ಅದನ್ನು ತುಂಬಿಸಿ ಎರಡೂ ಕೈಯಲ್ಲಿ ಅವಳ ಮುಂದೆ ಹಿಡಿದ.

ಯಶ್ಮಿತಾ ಒಂದು ಗುಟುಕು ಕುಡಿದಳು. ಅಬ್ಬಾ, ಎಂಥ ಸಕ್ಕರೆ!

"ಹ್ಯಾಂಗದ?"

"ಭಾಳ ಸಿಹಿ ಅದ," ಎಂದಳು ಅವನದೇ ಮಾತಿನಲ್ಲಿ. ಅವನು ನಕ್ಕುಬಿಟ್ಟ, ನಗುತ್ತಲೇ ಕಣ್ಣೊರೆಸಿಕೊಂಡ.

"ನಿಮ್ಮ ಫೈಲನ್ನು ನಾನು ಈ ಜನ್ಮದಲ್ಲಿ ಇನ್ನು ಮುಟ್ಟುವ ಹಾಗಿಲ್ಲ, ಗೊತ್ತುಂಟಲ್ಲ?"

"ಫೈಲ್ ಯಾರರೆ ನೋಡ್ಲಿ ಬಿಡ್ರಿ." ಅವನು ಮೆಲ್ಲಗೆ ಅವಳ ಕೈ ಹಿಡಿದ. "ನನ್ನ ನೀವು ನೋಡ್ಕೋರಿ."

"ಮುಂದಿನ ಎಳ್ಳಮಾಸಿಗೆ ಬಾಗಿಲಿಗೆ ಬೀಗ ಹಾಕಿ ಓಡಿಹೋಗ್ತೀರಾ?"

"ಹಾಕ್ತೀನಿ. ಇಬ್ರೂ ಕೂಡಿ ಹಾಕೋಣು. ಟೆಂಪೊದಾಗ ನಿಮಗ ಮುಂದಿನ ಸೀಟ್."

ಯಶ್ಮಿತಾ ಉಳಿದ ಚಹಾವನ್ನು ಅವನತ್ತ ಚಾಚಿದಳು.

"ಅರ್ಧ ನೀವು ಕುಡೀರಿ. ಆರ್ತದೆ."