ಲುಡೊನ ಹೊಂಗೂದಲ ಹುಡುಗಿ

ಆ ಭಾನುವಾರದಿಂದ ಮಾರೆಮ್‌ಗೆ ಹಳದಿ ಬಣ್ಣ ಕಂಡರೆ ಆಗುತ್ತಿರಲಿಲ್ಲ. ಬೆಣ್ಣೆ, ಬಾಳೆಹಣ್ಣು, ಹಾಸ್ಟೆಲ್ ಅಡುಗೆಮನೆಯ ಪರದೆ, ಕೆನಡಾದ ಕ್ವಿಬೆಕ್‌ನ ಬೀದಿಯಲ್ಲಿ ಹಿಮ ಬಾಚುವ ಲಾರಿಯ ತಲೆಯ ಮೇಲಿನ ದೀಪ, ಎಲ್ಲವೂ ಒಟ್ಟಾಗಿ ತನ್ನನ್ನೇ ಅಣಕಿಸುತ್ತಿವೆ ಅನಿಸುತ್ತಿತ್ತು.

ಆದದ್ದು ಇಷ್ಟೇ. ಪ್ರತಿ ಭಾನುವಾರದಂತೆ ಅವಳು ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಚಹಾ ಕಾಯಿಸುತ್ತಿದ್ದಳು. ಸೆನೆಗಲ್‌ನ ಸೇಂ-ಲೂಯಿಯಲ್ಲಿ ಅಮ್ಮ ಮಾಡುವ ಹಾಗೆ ಮೂರು ಸುತ್ತಿನ ಚಹಾ. ಮೊದಲನೆಯದು ಬರೀ ಕಹಿ, ಎರಡನೆಯದು ಹದ, ಮೂರನೆಯದು ಸಕ್ಕರೆ ಸುರಿದ ಸಿಹಿ. ಯೂನಿವರ್ಸಿಟಿಯಲ್ಲಿ ಅವಳ ಲ್ಯಾಬಿನ ಲುಡೊವಿಕ್, ಎಲ್ಲರ ಬಾಯಲ್ಲಿ ಲುಡೊ, ಎದುರಿಗೆ ಕೂತು ಕಹಿಯನ್ನು ಮುಖ ಕಿವುಚದೆ ಕುಡಿದು ಮೂರನೆಯದಕ್ಕೆ ಕಾಯುತ್ತಿದ್ದ. ಮೂರನೆಯ ಲೋಟ ಕೊಡುವಾಗ ಇಬ್ಬರ ಬೆರಳೂ ತಾಕುತ್ತಿದ್ದವು. ಇಬ್ಬರೂ ಆ ಬಗ್ಗೆ ಏನೂ ಗೊತ್ತಿಲ್ಲದವರಂತೆ ಕಿಟಕಿಯಾಚೆ ನೋಡುತ್ತಿದ್ದರು. ಚಳಿಗಾಲವಿಡೀ ಹೀಗೇ ನಡೆದಿತ್ತು.

ಆ ಭಾನುವಾರ ಮೊದಲ ಸುತ್ತು ಮುಗಿಯುವಷ್ಟರಲ್ಲಿ ಅವನಿಗೊಂದು ಫೋನ್ ಬಂತು. ಎದ್ದು ಕಿಟಕಿಯ ಹತ್ತಿರ ಹೋದ. ದನಿ ತಗ್ಗಿಸಿದ.

"ಹೂಂ ಅಜ್ಜಿ, ಶನಿವಾರ ಬರ್ತೀವಿ. ನನ್ ಬ್ಲೋಂಡ್‌ನೂ ಕರ್ಕೊಂಡ್ ಬರ್ತೀನಿ. ಹೂಂ, ಅವಳೇ. ಇನ್ಯಾರು?"

ಬ್ಲೋಂಡ್. ಅಂದರೆ ಹೊಂಬಣ್ಣದ ಕೂದಲಿನ ಹುಡುಗಿ. ಮಾರೆಮ್‌ಗೆ ಫ್ರೆಂಚ್ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳ ಅಪ್ಪ ಫ್ರೆಂಚ್ ಮೇಷ್ಟ್ರು. ಉಕ್ತಲೇಖನದಲ್ಲಿ ಇಡೀ ಜಿಲ್ಲೆಗೆ ಮೊದಲಿಗಳಾಗಿದ್ದವಳು ಅವಳು. ಈ ಊರಿನವರು ಫ್ರೆಂಚನ್ನು ಅರ್ಧ ಅಕ್ಷರ ನುಂಗಿ ಮಾತಾಡುತ್ತಾರೆಂದು ಬಂದ ದಿನದಿಂದ ನಗುತ್ತಿದ್ದವಳೂ ಅವಳೇ. ಅಂಥವಳ ಕಿವಿಗೆ ಇಷ್ಟು ಸಣ್ಣ ಮಾತು ತಪ್ಪಾಗಿ ಕೇಳಿಸುವುದುಂಟೆ?

ಲುಡೊ ವಾಪಸ್ ಬಂದು ಕೂತ. ಅವನ ಕಿವಿ ಕೆಂಪಾಗಿತ್ತು.

"ಶನಿವಾರ ಅಜ್ಜಿ ತೋಟಕ್ಕೆ ಬರ್ತೀಯಾ? ಮೇಪಲ್ ಮರದ ರಸ ಇಳಿಯೋಕೆ ಶುರುವಾಗಿದೆ. ಪಾಕ ಕಾಯ್ಸ್ತಾರೆ. ಕೊರಾಲಿನೂ ಬರ್ತಾಳೆ."

ಕೊರಾಲಿ. ಅವರದೇ ಲ್ಯಾಬಿನವಳು, ಬೆನ್ನ ತುಂಬ ಹೊಂಗೂದಲು ಹರಡಿಕೊಂಡು ಓಡಾಡುವವಳು.

"ನೋಡೋಣ," ಎಂದಳು ಮಾರೆಮ್. ಒಲೆ ಆರಿಸಿ ಕೆಟಲನ್ನು ತೊಳೆಯಲು ಹಾಕಿದಳು.

"ಇನ್ನೂ ಮೊದಲನೇ ಸುತ್ತು ಅಲ್ವಾ?"

"ಇವತ್ತು ಅಷ್ಟೇ. ಸಕ್ಕರೆ ಮುಗಿದಿದೆ."

ಮೇಜಿನ ಮೇಲೆ ಸಕ್ಕರೆ ಡಬ್ಬಿ ಅರ್ಧ ತುಂಬಿ ಕೂತಿತ್ತು. ಲುಡೊ ಅದನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. ಲೋಟ ಇಟ್ಟು ಎದ್ದು ಹೋದ.

ಆ ವಾರವೆಲ್ಲ ಅವಳು ಹೊಟ್ಟೆಕಿಚ್ಚಿನಲ್ಲಿ ಬೆಂದಳು. ಲ್ಯಾಬಿನಲ್ಲಿ ಕೊರಾಲಿ ನಕ್ಕರೆ ಯಾಕೆ ನಕ್ಕಳು, ಲುಡೊ ಅವಳಿಗೆ ಪೆನ್ನು ಕೊಟ್ಟರೆ ಯಾಕೆ ಕೊಟ್ಟ. ಕ್ಯಾಂಟೀನಿನಲ್ಲಿ ಕೊರಾಲಿ ಅವನ ತಟ್ಟೆಯಿಂದ ಒಂದು ಆಲೂಗಡ್ಡೆ ತುಂಡು ಎತ್ತಿಕೊಂಡಳು. ಆ ತುಂಡು ಮಾರೆಮ್‌ಳ ಗಂಟಲಲ್ಲಿ ಸಿಕ್ಕಿಕೊಂಡಿತು. ಒಂದು ಸಂಜೆ ಕನ್ನಡಿಯ ಮುಂದೆ ನಿಂತು ತನ್ನ ಕಪ್ಪು ಜಡೆಗಳನ್ನು ನೋಡಿಕೊಂಡಳು. ಅಕ್ಕ ತೊಡೆಯ ಮೇಲೆ ತಲೆ ಇರಿಸಿಕೊಂಡು ಹೆಣೆಯುತ್ತಿದ್ದ ಜಡೆಗಳು. ಅವುಗಳ ಮೇಲೆ ಹಿಂದೆಂದೂ ಅವಳಿಗೆ ಸಿಟ್ಟು ಬಂದಿರಲಿಲ್ಲ.

ರೂಮಿನ ಜೊತೆಗಾತಿ ಅಸ್ತು ಡಾಕಾರ್‌ನವಳು, ಇಲ್ಲಿಗೆ ಬಂದು ಮೂರು ವರ್ಷವಾದವಳು. "ಏನೇ ನಿನ್ನ ಕಥೆ? ಮುಖ ಯಾಕೆ ಹಿಂಗೆ ಊದಿಸ್ಕೊಂಡಿದೀಯಾ?" ಎಂದಳು.

"ಅವನಿಗೆ ಬೇರೆ ಯಾರೋ ಇದಾಳೆ."

"ಅವನನ್ನ ಕೇಳಿದ್ಯಾ?"

"ಕೇಳೋದೇನು ಬಂತು? ಅವನ ಬಾಯಿಂದಾನೇ ಕೇಳಿಸ್ಕೊಂಡೆ."

"ಏನಂದ ಅವನು? ಅವನ ಮಾತಲ್ಲೇ ಹೇಳು."

ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮಾರೆಮ್‌ಗೆ ಆ ಪದವನ್ನು ನಾಲಿಗೆಯ ಮೇಲೆ ತಂದುಕೊಳ್ಳಲೂ ಅವಮಾನ. "ಬಿಡು, ನನಗೆ ಫ್ರೆಂಚ್ ಬರುತ್ತೆ," ಎಂದು ಕಂಬಳಿ ಹೊದ್ದು ಗೋಡೆಯ ಕಡೆ ತಿರುಗಿದಳು.

ಇನ್ನೊಂದು ವಿಷಯವೂ ಇತ್ತು. ಮುನ್ನೂರು ಕಿಲೋಮೀಟರ್ ದೂರದ ರಿಮೂಸ್ಕಿಯಲ್ಲಿ, ನದಿ ಸಮುದ್ರ ಸೇರುವ ಕಡೆ, ಕಡಲ ಕೊರೆತ ತಡೆಯುವ ಗಿಡಗಳ ಬಗ್ಗೆ ಒಂದು ಸಂಶೋಧನೆ ನಡೆಯುತ್ತಿತ್ತು. ಮೇ ತಿಂಗಳಿಂದ ಎರಡು ವರ್ಷ ಅಲ್ಲಿಗೆ ಹೋಗುತ್ತೀಯಾ, ಶುಕ್ರವಾರದೊಳಗೆ ಹೇಳು ಎಂದು ಅವಳ ಗೈಡ್ ಕೇಳಿದ್ದರು. ಸೇಂ-ಲೂಯಿಯಲ್ಲಿ ಅವಳ ಚಿಕ್ಕಮ್ಮನ ಮನೆಯನ್ನೇ ಕಡಲು ತಿಂದಿತ್ತು. ಆ ಕೆಲಸ ಅವಳಿಗೆ ಹೇಳಿ ಮಾಡಿಸಿದಂತಿತ್ತು. ಇಷ್ಟು ದಿನ ಮೀನಮೇಷ ಎಣಿಸಿದ್ದು ಭಾನುವಾರದ ಮೂರನೆಯ ಲೋಟಕ್ಕಾಗಿ ಮಾತ್ರ. ಈಗ ಆ ಲೋಟವೂ ಇರಲಿಲ್ಲ. ಶುಕ್ರವಾರ ಹೋಗಿ ಒಪ್ಪಿಗೆ ಎಂದುಬಿಟ್ಟಳು.

ಶನಿವಾರ ಹೋಗಬಾರದೆಂದೇ ಇದ್ದಳು. ಆದರೂ ಹೋದಳು. ಕಣ್ಣಾರೆ ಕಂಡು ಸಂಕಟಪಡಬೇಕೆಂಬ ಹಟ ಅದು. ಲುಡೊನ ಹಳೆಯ ಗಾಡಿಯಲ್ಲಿ ಮುಂದಿನ ಸೀಟಿಗೆ ಕೊರಾಲಿ ಹತ್ತಿದಳು. ಹಿಂದೆ ಕೂತರೆ ಅವಳಿಗೆ ವಾಂತಿ ಬರುತ್ತದಂತೆ. ದಾರಿಯುದ್ದಕ್ಕೂ ತಿರುವು ಬಂದಾಗಲೆಲ್ಲ ಆ ಹೊಂಗೂದಲು ಲುಡೊನ ತೋಳಿಗೆ ತಾಗುತ್ತಿತ್ತು. ಹಿಂದಿನ ಸೀಟಿನಲ್ಲಿ ಮಾರೆಮ್ ತಿರುವುಗಳನ್ನು ಶಪಿಸುತ್ತ ಕೂತಿದ್ದಳು.

ತೋಟದಲ್ಲಿ ಮರಮರಕ್ಕೂ ಬಕೆಟ್ ನೇತುಹಾಕಿದ್ದರು. ಲುಡೊ ರಸ ಬಗ್ಗಿಸುತ್ತಿದ್ದ. ಮಾರೆಮ್ ಪಕ್ಕದಲ್ಲಿ ಹೋಗಿ ನಿಂತಳು.

"ನಾನು ರಿಮೂಸ್ಕಿಗೆ ಹೋಗ್ತಿದೀನಿ. ಎರಡು ವರ್ಷ. ನಿನ್ನೆ ಒಪ್ಪಿಕೊಂಡೆ."

ಅವನ ಕೈಯ ಬಕೆಟ್ ವಾಲಿ ರಸವೆಲ್ಲ ಬೂಟಿನ ಮೇಲೆ ಸುರಿಯಿತು. ಅವನಿಗೆ ಅದರ ಪರಿವೆಯೇ ಇದ್ದಂತಿರಲಿಲ್ಲ.

"ಒಳ್ಳೇದಾಯ್ತು," ಎಂದ. "ನಿಮ್ಮೂರಿಗೆ ಬೇಕಾಗಿರೋ ಕೆಲ್ಸ."

"ಅಷ್ಟೇನಾ?"

"ಬೇಡ ಅನ್ನೋಕೆ ನಾನ್ಯಾರು?"

"ನಿಜ. ನಿನಗೆ ಬೇರೆಯವರಿದಾರಲ್ಲ, ಬೇಡ ಅನ್ನೋಕೆ."

"ಬೇರೆಯವರಾ? ಯಾರು?"

ಅಷ್ಟರಲ್ಲಿ ಅಜ್ಜಿ ಊಟಕ್ಕೆ ಗಂಟೆ ಬಾರಿಸಿದಳು.

ಉದ್ದನೆಯ ಮೇಜು. ಹಂದಿ ಮಾಂಸ, ಹಂದಿ ಕೊಬ್ಬಿನಲ್ಲಿ ಬೇಯಿಸಿದ ಬೀನ್ಸ್ ಕಾಳು, ಎಲ್ಲದರ ಮೇಲೂ ಬಿಸಿ ಪಾಕ. ಕೊರಾಲಿ ಮಾರೆಮ್‌ಳ ಪಕ್ಕದಲ್ಲೇ ಬಂದು ಕೂತಳು. ಹಂದಿ ತಿನ್ನದ ಮಾರೆಮ್ ಬ್ರೆಡ್ ಚೂರು ಹಿಡಿದು, ಇನ್ನು ಇದೇ ಗತಿ ಅಂದುಕೊಳ್ಳುವಷ್ಟರಲ್ಲಿ ಅಜ್ಜಿ ಒಂದು ಪುಟ್ಟ ಪಾತ್ರೆ ತಂದು ನಡುವೆ ಇಟ್ಟಳು. ಬಟ್ಟೆ ಬಿಗಿದು ಕಟ್ಟಿತ್ತು.

"ತಕಳ್ಳಪ್ಪಾ ಲುಡೊ. ನಿನ್ ಬ್ಲೋಂಡು ಹಂದಿ ತಿನ್ನಾಕಿಲ್ಲ ಅಂದಿದ್ಯಲ್ಲ, ಕಾಳ ಬ್ಯಾರೆ ಪಾತ್ರೇಲೇ ಬೇಯ್ಸಿವ್ನಿ. ಸೌಟೂ ಬ್ಯಾರೆ."

ಮಾರೆಮ್ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿ ಕೊರಾಲಿಯ ಮುಂದಿಟ್ಟಳು. ಕಣ್ಣು ತುಂಬಿ ಬರದಂತೆ ತಡೆಯುವುದೇ ಸಾಹಸವಾಗಿತ್ತು.

"ನನಗ್ಯಾಕೆ ಕೊಡ್ತೀಯಾ?" ಎಂದಳು ಕೊರಾಲಿ. ಅವಳ ಬಾಯಿ ತುಂಬ ಹಂದಿ ಮಾಂಸವಿತ್ತು.

"ಅವ್ಳಿಗಲ್ಲ ಕಣ್ ಮಗಾ, ನಿಂಗೇಯ," ಎಂದಳು ಅಜ್ಜಿ.

"ನಾನು ಬ್ಲೋಂಡ್ ಅಲ್ಲ ಅಜ್ಜಿ." ಮಾರೆಮ್ ಉಣ್ಣೆ ಟೋಪಿ ಕಿತ್ತು ತೆಗೆದಳು. ಕಪ್ಪು ಜಡೆಗಳು ಭುಜದ ಮೇಲೆ ಬಿದ್ದವು. "ನೋಡಿ. ಯಾವ ಕಡೆಯಿಂದ ಬ್ಲೋಂಡ್ ಕಾಣ್ತೀನಿ?"

ಕೊರಾಲಿಗೆ ಎಂಥ ನಗು ಬಂತೆಂದರೆ ಅಜ್ಜಿಯೇ ಅವಳ ಬೆನ್ನು ತಟ್ಟಬೇಕಾಯಿತು.

"ಅಯ್ಯೋ ನಿನ್ನ," ಎಂದು ಕಣ್ಣೊರೆಸಿಕೊಂಡಳು. "ನಮ್ ಕಡೆ ಬ್ಲೋಂಡ್ ಅಂದ್ರೆ ಕೂದಲಲ್ಲ ಕಣೇ. ಅವನ ಹುಡುಗಿ ಅಂತ. ಮನಸ್ಸು ಕೊಟ್ಟವಳು. ಹುಡುಗಿ ಬ್ಲೋಂಡ್, ಹುಡುಗ ಚೋಮ್. ನಮ್ಮಪ್ಪನ ಬ್ಲೋಂಡ್‌ಗೆ ತಲೆ ಪೂರ್ತಿ ಬೆಳ್ಳಗಾಗಿದೆ. ನನ್ ಚೋಮ್ ಇದನ್ನ ಕೇಳಿದ್ರೆ ಒಂದು ವಾರ ನಗ್ತಾನೆ."

ಮಾರೆಮ್ ಲುಡೊನ ಕಡೆ ನೋಡಿದಳು. ಅವನು ತನ್ನ ತಟ್ಟೆಯನ್ನೇ ನೋಡುತ್ತಿದ್ದ. ಕಿವಿ ಕೆಂಪಗಾಗಿತ್ತು, ಆ ಭಾನುವಾರದಂತೆಯೇ. ಅವಳು ಎದ್ದು ಬಾಗಿಲಾಚೆ ನಡೆದಳು. ಅವನು ಹಿಂದೆಯೇ ಬಂದ.

"ನಿಮ್ಮಜ್ಜಿಗೆ ಗೊತ್ತು, ಕೊರಾಲಿಗೆ ಗೊತ್ತು, ಕಾಳು ಬೇಯಿಸಿದ ಒಲೆಗೂ ಗೊತ್ತು," ಎಂದಳು. "ನನಗೊಬ್ಬಳಿಗೆ ಹೇಳೋಕೆ ನಿನಗೇನಾಗಿತ್ತು?"

"ಹೆದರಿಕೆ."

"ನನ್ನ ಕಂಡ್ರಾ?"

"ಬಾಯಿ ತೆರೆದ್ರೆ ಸಾಕು, ನನ್ ಫ್ರೆಂಚ್ ತಿದ್ದುತೀಯಾ. ಇದನ್ನೂ ಹೇಳಿ, ಇದರಲ್ಲೂ ನೀನು ತಪ್ಪು ಹುಡುಕಿದ್ರೆ? ಆಮೇಲೆ ಯಾವ ಮುಖ ಇಟ್ಕೊಂಡು ಚಹಾಕ್ಕೆ ಬರ್ಲಿ?"

ಮಾರೆಮ್‌ಳ ಜಾಣತನವೇ ಅವಳನ್ನು ಇಲ್ಲಿಗೆ ತಂದು ನಿಲ್ಲಿಸಿತ್ತು. ಕೇಳದೆ ಹೋದವಳು ತಾನು, ಹೇಳದೆ ಹೋದವನು ಅವನು, ನಡುವೆ ರಿಮೂಸ್ಕಿ.

"ಈಗ ಹೇಳು," ಎಂದಳು. "ತಿದ್ದಲ್ಲ."

ಅವನು ಹೇಳಿದ. ಅರ್ಧ ಅಕ್ಷರ ನುಂಗಿ, ಕ್ರಿಯಾಪದ ಕೆಡಿಸಿ, ಒಂದೇ ಉಸಿರಿಗೆ. ಮೊದಲ ಸೆಮಿಸ್ಟರ್‌ನಲ್ಲಿ ಅವಳು ಕ್ಯಾಂಪಸ್ಸಿನ ಕಟ್ಟಡಗಳನ್ನು ಕೂಡಿಸುವ ನೆಲದಡಿಯ ಸುರಂಗದಲ್ಲಿ ದಾರಿ ತಪ್ಪಿ ನಿಂತಿದ್ದ ದಿನದಿಂದ ಶುರುಮಾಡಿ, ಮೂರನೆಯ ಲೋಟದ ತನಕ. ಅದರಲ್ಲಿ ತಪ್ಪುಗಳಿಗೆ ಲೆಕ್ಕವಿರಲಿಲ್ಲ. ಮಾರೆಮ್ ಒಂದನ್ನೂ ತಿದ್ದಲಿಲ್ಲ. ಅವನ ಒದ್ದೆ ಕೈಗವಸು ಹಿಡಿದುಕೊಂಡು ಸುಮ್ಮನೆ ಕೇಳಿದಳು.

"ಆದ್ರೂ ನಾನು ಹೋಗ್ಬೇಕು. ಮಾತು ಕೊಟ್ಟಿದೀನಿ. ಮನಸ್ಸೂ ಇದೆ."

"ಹೋಗು. ನಾನ್ ಬರ್ತೀನಿ. ಗಾಡಿ ಹಳೇದು, ಆದ್ರೆ ಅಲ್ಲೀತನಕ ಬರುತ್ತೆ."

"ಬರುವಾಗ ಮುಂದಿನ ಸೀಟು ಖಾಲಿ ಇರಬೇಕು."

"ಕೊರಾಲಿಗೆ ವಾಂತಿ ಆದ್ರೆ?"

"ಆಗಲಿ."

ಅವನು ಜೋರಾಗಿ ನಕ್ಕ. ಅವಳಿಗೆ ನಗು ಬಂದರೂ ತೋರಿಸಿಕೊಳ್ಳಲಿಲ್ಲ. ಹೊಟ್ಟೆಕಿಚ್ಚು ಪೂರ್ತಿ ಆರಿರಲಿಲ್ಲ. ಈಗ ಅದಕ್ಕೊಂದು ಹಕ್ಕು ಬಂದಿತ್ತು ಅಷ್ಟೆ.

ಅಜ್ಜಿ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. "ಕಾಳು ತಣ್ಣಗಾಯ್ತದೆ. ಅದ್ಸರಿ ಮಗಾ, ನೀನು ಅವ್ನ್ ಬ್ಲೋಂಡ್ ಅಲ್ಲ ಅಂದ್ಯಲ್ಲ, ಮತ್ತೆ ಇವ್ನು ನಿಂಗೇನಾಗ್ಬೇಕು?"

ಉಕ್ತಲೇಖನದಲ್ಲಿ ಮೊದಲಿಗಳಾದ ಮಾರೆಮ್ ಲುಡೊನ ಪಕ್ಕಕ್ಕೆ ಸರಿದು ನಿಂತಳು.

"ನನ್ ಚೋಮ್," ಎಂದಳು, ಆ ಊರಿನವರಂತೆಯೇ ಅರ್ಧ ಅಕ್ಷರ ನುಂಗಲು ಹೋಗಿ.

"ಹಂಗಲ್ಲ ಅನ್ನೋದು," ಎಂದ ಲುಡೊ. "ಇನ್ನೊಂದ್ ಸಲ ಹೇಳು."

ಅವಳು ಇನ್ನೊಂದು ಸಲ ಹೇಳಿದಳು.