ಅಕ್ಕಿಯ ಎರಡನೇ ನೀರು

"ಬೇಡಮ್ಮ... ಇದು ಹೋಟೆಲ್ ಸೂಪ್ ಥರ ಇದೆ. ಅತ್ತೆ ಮಾಡೋ ತಿನೋಲಾ ಇದಲ್ಲ."

ಆನಲಿನ್ ಬಟ್ಟಲನ್ನು ತಳ್ಳಿ ಗೋಡೆಯ ಕಡೆ ಹೊರಳಿದಳು. ಹಸಿ ಬಾಣಂತಿ, ಬಾಯಿಗೆ ಬೇರೇನೂ ರುಚಿಸದು. ಚಿಕ್ಕಂದಿನಲ್ಲಿ ಜ್ವರ ಬಂದಾಗ ಉಣ್ಣುತ್ತಿದ್ದ, ಶುಂಠಿ, ಪರಂಗಿಕಾಯಿ, ನುಗ್ಗೆಸೊಪ್ಪು ಹಾಕಿದ ಆ ಕೋಳಿಸಾರಿನ ಮೇಲೆಯೇ ಹಂಬಲ. ತಾಯಿ ಲುದಿವಿನಾ ಬಟ್ಟಲು ಹಿಡಿದು ನಿಂತೇ ಇದ್ದಳು. ಗಂಡ ತೀರಿಕೊಂಡಾಗ ಎಳೆಯ ಮಗಳನ್ನು ಅವನ ಅಕ್ಕ ಪುರಿಂಗಳ ಮಡಿಲಿಗೆ ಹಾಕಿ ಹಾಂಕಾಂಗ್‌ಗೆ ಮನೆಗೆಲಸಕ್ಕೆ ಹೋದವಳು, ಈಗ ಮಗಳ ಬಾಣಂತನಕ್ಕೆಂದು ತನ್ನೂರು ಇಲೊಯ್ಲೊಗೆ ಮರಳಿದ್ದಳು. ಇಷ್ಟು ವರ್ಷ ಪರರ ಮಕ್ಕಳಿಗೆ ಅಟ್ಟು ಬಡಿಸಿದ ಕೈ ಹೆತ್ತ ಮಗಳಿಗೇ ಹಿಡಿಸಲಿಲ್ಲ... ತಾಯಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಉಂಟೇ!

ಅಡುಗೆಮನೆಯಲ್ಲಿ ಪುರಿಂಗ್ ಬೆಳ್ಳುಳ್ಳಿ ಸುಲಿಯುತ್ತಿದ್ದಳು. "ಏನಂದಳು ನಿನ್ನ ಮಗಳು?"

"ಕೋಳಿ ಸರಿ ಇಲ್ಲ ಅತ್ತಿಗೆ. ಫಾರಂ ಕೋಳಿ."

"ಕುಣಿಯೋಕೆ ಬರದೋಳು ನೆಲ ಡೊಂಕು ಅಂದಳಂತೆ. ಡಬ್ಬದ ತುಂಬ ಚಾಕೊಲೇಟು, ಸೋಪು ಕಳಿಸೋದು ನಿನ್ನ ಕೆಲಸ ತಾಯಿ. ಸಾರು ಕಾಸೋದು ನಂದು."

"ಇಲ್ಲ ಅತ್ತಿಗೆ. ಹತ್ತು ಸಲ ಬೇಡ ಅಂದ್ರೆ ಹನ್ನೊಂದನೇ ಸಲ ಮಾಡ್ತೀನಿ."

ಮಾಡಿದಳು ಕೂಡ. ನಾಟಿ ಕೋಳಿ ತಂದಳು. ಮಜ್ಜಿಗೆಹುಲ್ಲನ್ನು ಜಜ್ಜಿ ಹಾಕಿದಳು. ನುಗ್ಗೆಸೊಪ್ಪನ್ನು ತಾನೇ ಮರದಿಂದ ಕೊಯ್ದಳು. ಮಧ್ಯಾಹ್ನ ಅವಳ ಬಟ್ಟಲು ತುಂಬಿದ್ದು ತುಂಬಿದಂತೆಯೇ ಬರುತ್ತಿತ್ತು. ಸಂಜೆ ಲುದಿವಿನಾ ಮಗುವಿಗೆ ನೀರೆರೆಯುವ ಹೊತ್ತಿಗೆ ಪುರಿಂಗ್ ಕಾಸಿಕೊಟ್ಟ ಸಾರನ್ನು ಮಗಳು ತಳ ಕಾಣುವಂತೆ ಕುಡಿಯುತ್ತಿದ್ದಳು. ಕೇಳಿದರೆ ಪುರಿಂಗಳದು ಒಂದೇ ಮಾತು, "ಎಲ್ಲ ಹೇಳಿದೀನಲ್ಲ. ಇನ್ನೇನಿದ್ರೂ ಕೈಗುಣ."

ಆ ಭಾನುವಾರ ಲುದಿವಿನಾ ಚರ್ಚಿನಿಂದ ಬೇಗ ಬಂದಳು. ಹಿತ್ತಲ ನಲ್ಲಿಯ ಬಳಿ ಪುರಿಂಗ್ ಅಕ್ಕಿ ತೊಳೆಯುತ್ತಿದ್ದಳು. ಮೊದಲ ನೀರನ್ನು ಗಿಡಕ್ಕೆ ಚೆಲ್ಲಿದಳು. ಎರಡನೇ ನೀರನ್ನು ಮಾತ್ರ ಪಾತ್ರೆಗೆ ಬಸಿದು ತಟ್ಟೆ ಮುಚ್ಚಿದಳು.

ಲುದಿವಿನಾ ಹತ್ತಿರ ಹೋಗಿ ತಟ್ಟೆ ಎತ್ತಿ ನೋಡಿದಳು. ತನ್ನ ಅಮ್ಮನೂ ಹೀಗೇ ಮಾಡುತ್ತಿದ್ದಳಲ್ಲ! ಆ ಬೆಳ್ಳಗಿನ ನೀರಿನಲ್ಲೇ ಕೋಳಿ ಬೇಯುತ್ತಿತ್ತು, ಸಾರಿಗೆ ಮಂದ ಬರುತ್ತಿತ್ತು. ಹಾಂಕಾಂಗಿನ ಯಜಮಾನಿಗೆ ಸಾರು ಗಾಜಿನಂತೆ ತಿಳಿಯಾಗಿರಬೇಕಿತ್ತು. ಅಲ್ಲಿ ಅಕ್ಕಿ ನೀರನ್ನು ಚೆಲ್ಲಿ ಚೆಲ್ಲಿ ಅದು ಬೇಕಾದದ್ದು ಎಂಬುದನ್ನೇ ಅವಳು ಮರೆತಿದ್ದಳು.

"ಹೇಳಬಹುದಿತ್ತಲ್ಲ ಅತ್ತಿಗೆ..."

ಪುರಿಂಗ್ ತಿರುಗಲಿಲ್ಲ. "ಹೇಳಿದ್ರೆ? ತಾಯಿ ನೀನು. ನಾಳೆ ಆ ಮಗು ಅಜ್ಜಿ ಅನ್ನೋದೂ ನಿನ್ನನ್ನೇ. ಮದುವೆ ಇಲ್ಲ, ಮಕ್ಕಳಿಲ್ಲ, ನನಗೆ ಅಂತ ಉಳಿದಿದ್ದು ಈ ಒಂದು ಪಾತ್ರೆ ಸಾರು. ಅದನ್ನೂ ಕೊಟ್ಟರೆ ನನ್ನನ್ನ ಯಾರು ಕೂಗ್ತಾರೆ, ಲುದಿವಿನಾ?"

ಅತ್ತುಬಿಟ್ಟಳು ಆ ಗಟ್ಟಿಗಿತ್ತಿ. ಲುದಿವಿನಾಳಿಗೆ ಸಿಟ್ಟು ಬಂದಿತ್ತು, ಸುಳ್ಳೇಕೆ? ಆದರೆ ಮಗಳ ಜ್ವರದ ರಾತ್ರಿಗಳಲ್ಲಿ ಪಕ್ಕದಲ್ಲಿ ಕೂತಿದ್ದವಳು ಇವಳೇ ಅಲ್ಲವೇ?

"ಅವಳನ್ನ ಕಿತ್ಕೊಳ್ಳೋಕೆ ಬಂದಿಲ್ಲ ಅತ್ತಿಗೆ. ಸಾಕಿದ್ದು ನೀವು, ಅದನ್ನ ಯಾರೂ ಅಳಿಸೋಕಾಗಲ್ಲ. ಆದ್ರೆ ಒಂದು ಸಲವಾದ್ರೂ ಅವಳು ನನ್ನ ಕೈಯಡುಗೆ ಹೊಟ್ಟೆ ತುಂಬ ಉಣ್ಣಬೇಕು. ಆ ನೀರು ಕೊಡಿ."

ಪುರಿಂಗ್ ಕಣ್ಣೊರೆಸಿಕೊಂಡು ಪಾತ್ರೆಯನ್ನು ಅವಳ ಕಡೆ ಸರಿಸಿದಳು.

ಮಧ್ಯಾಹ್ನ ಆನಲಿನ್ ಒಂದು ಚಮಚ ಕುಡಿದಳು, ಇನ್ನೊಂದು ಕುಡಿದಳು. ಆಮೇಲೆ ಚಮಚ ಬಿಟ್ಟು ಬಟ್ಟಲನ್ನೇ ತುಟಿಗೆತ್ತಿದಳು. ಹಣೆಯಲ್ಲಿ ಬೆವರು, ಕಣ್ಣಲ್ಲಿ ನೀರು.

"ಅತ್ತೆ ಮಾಡಿದ್ದಲ್ವಾ? ಬಾಯಿಗಿಟ್ಟ ಕೂಡ್ಲೇ ಗೊತ್ತಾಯ್ತು."

ಲುದಿವಿನಾ ಮಗಳ ಹಣೆಯ ಬೆವರು ಒರೆಸಿದಳು. ಇದೊಂದು ಮಾತಿಗಾಗಿ ಅಲ್ಲವೇ ಇಷ್ಟೂ ದಿನ ಒಲೆಯ ಮುಂದೆ ಬೆಂದದ್ದು... "ಹೌದು ಮಗಳೇ, ಅತ್ತೇದೇ."

"ಸುಳ್ಳು ಹೇಳಬೇಡ." ಬಾಗಿಲಲ್ಲಿ ಮಗುವನ್ನೆತ್ತಿಕೊಂಡು ಪುರಿಂಗ್ ನಿಂತಿದ್ದಳು. "ನಾನು ಸೌಟು ಮುಟ್ಟಿಲ್ಲ. ನಿಮ್ಮಮ್ಮ ಮಾಡಿದ್ದು. ಶುಂಠಿ ಒಂಚೂರು ಜಾಸ್ತಿ ಹಾಕಿದಾಳೆ, ಅಷ್ಟೇ."

ಆನಲಿನ್ ಇಬ್ಬರನ್ನೂ ನೋಡಿದಳು. ಖಾಲಿ ಬಟ್ಟಲನ್ನು ತಾಯಿಯತ್ತ ಚಾಚಿದಳು.

"ಇನ್ನೊಂದು ಸೌಟು ಹಾಕಮ್ಮ."

ಬಡಿಸುವ ಅವಸರದಲ್ಲಿ ಲುದಿವಿನಾ ಸಾರನ್ನು ಹಾಸಿಗೆಗೂ ಚೆಲ್ಲಿದಳು.

"ನೋಡಿ ಬಡಿಸು," ಎಂದು ಪುರಿಂಗ್ ಗದರಿದಳು.